ಅರ್ಧ ಗಂಟೆಗೊಮ್ಮೆ ಎಬ್ಬಿಸುತ್ತಿದ್ದವರು

ನಮ್ಮ ಫಿಸಿಕ್ಸ್ ಮೇಡಂ ಕೂತಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವರು ತೀರಿಕೊಂಡ ದಿನ. ಸೋಲೂರಿನಲ್ಲಿ ಅವರ ತಮ್ಮನ ಮನೆಯ ಪಡಸಾಲೆಯಲ್ಲಿ ಗೋಡೆಗೊಂದು ಹಲಗೆ ನಿಲ್ಲಿಸಿ, ಅದಕ್ಕೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಅವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಇನ್ನೇನು ಎದ್ದು ಓಡಾಡಲು ಶುರುಮಾಡುತ್ತಾರೆ ಅನ್ನಿಸುತ್ತಿತ್ತು. ಎದೆನೋವು ಎಂದು ಬೆಳಿಗ್ಗೆ ಆಸ್ಪತ್ರೆಗೆ ಹೋದವರು ಮಧ್ಯಾಹ್ನಕ್ಕೆ ಇಲ್ಲವಾಗಿದ್ದರು. ವಯಸ್ಸು ಐವತ್ತು ದಾಟಿತ್ತೋ ಇಲ್ಲವೋ.

ಪಕ್ಕದಲ್ಲಿದ್ದ ಭವ್ಯ ನನ್ನ ಕೈ ಹಿಡಿದುಕೊಂಡಳು. ಪಿಯುಸಿಯಲ್ಲಿ ಎರಡು ವರ್ಷ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು ಅವಳು. ಇಬ್ಬರೂ ಒಂದನ್ನೇ ಯೋಚಿಸುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿತ್ತು.

ರಾಮನಗರದ ಒಂದು ಖಾಸಗಿ ಕಾಲೇಜಿನಲ್ಲಿ ಅವರು ನಮಗೆ ಫಿಸಿಕ್ಸ್ ಕಲಿಸಿದರು. ಮೊದಲ ದಿನ ಕ್ಲಾಸಿಗೆ ಬಂದವರೇ ಮೇಜಿನ ಹಿಂದಿದ್ದ ಕುರ್ಚಿಯನ್ನು ಎತ್ತಿ ಹೊರಗೆ ಕಾರಿಡಾರಿನಲ್ಲಿ ಇಟ್ಟು ಬಂದರು. ಯಾಕೆಂದು ಹೇಳಲಿಲ್ಲ. ಆಮೇಲೆ ಪಾಠದುದ್ದಕ್ಕೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದರು. ಬೋರ್ಡಿನ ಮೇಲೆ ಬರೆಯುವಾಗಲೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಎತ್ತರದ, ತೆಳ್ಳಗಿನ ಹೆಂಗಸು. ಗಂಜಿ ಹಾಕಿದ ಹತ್ತಿ ಸೀರೆ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ವಾರ ಕಳೆಯುವುದರೊಳಗೆ ಹುಡುಗರು ಅವರಿಗೆ ಪೆಂಡುಲಮ್ ಮೇಡಂ ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿತ್ತು. ಲೋಲಕದ ಪಾಠ ಬಂದ ದಿನ, ಉದಾಹರಣೆ ಬೇಕಾದರೆ ನನ್ನನ್ನೇ ನೋಡಿಕೊಳ್ಳಿ ಎಂದರು. ನಾವು ನಕ್ಕೆವು, ಅವರು ನಗಲಿಲ್ಲ.

ಸ್ಟಾಫ್ ರೂಮಿನಲ್ಲೂ ಅವರು ನಿಂತೇ ಇರುತ್ತಿದ್ದರು. ಎದೆಮಟ್ಟದ ಒಂದು ಕಪಾಟಿತ್ತು. ಅದರ ತಲೆಯ ಮೇಲೆ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ತಿದ್ದುತ್ತಿದ್ದರು. ಊಟದ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ಉಣ್ಣುತ್ತಿದ್ದರು. ಮದುವೆಯಾಗಿರಲಿಲ್ಲ. ಮಾಗಡಿಯಲ್ಲಿ ತಾಯಿಯ ಜೊತೆ ಒಂದು ಬಾಡಿಗೆ ಮನೆಯಲ್ಲಿದ್ದರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಆ ಬಸ್ಸಿನಲ್ಲಿ ಸೀಟು ಖಾಲಿ ಬಿದ್ದಿದ್ದರೂ ಅವರು ಡ್ರೈವರ್ ಹಿಂದಿನ ಕಂಬ ಹಿಡಿದು ನಿಂತಿರುತ್ತಾರೆ ಎಂದು ನಮಗೆ ಹೇಳಿದವಳು ಭವ್ಯ. ಯಾಕೆಂದರೆ ಆ ಡ್ರೈವರೇ ಅವಳ ಅಪ್ಪ. ಹತ್ತಿ ಇಳಿಯುವವರಿಗೆ ಅಡ್ಡ, ಕಂಡಕ್ಟರಿಗೆ ಕಿರಿಕಿರಿ, ಎಷ್ಟು ಹೇಳಿದರೂ ಕೂರುವುದಿಲ್ಲ, ಒಂಥರಾ ಹೆಂಗಸು ಎಂದು ಅಪ್ಪ ಮನೆಯಲ್ಲಿ ಹೇಳುತ್ತಿದ್ದರಂತೆ.

ಅವರು ಕುತ್ತಿಗೆಯ ವಿಷಯ ಮೊದಲು ಎತ್ತಿದ್ದು ಟಾರ್ಕ್ ಪಾಠದ ದಿನ. ಲ್ಯಾಬಿನಿಂದ ಒಂದು ಬಕೆಟ್ ನೀರು ತರಿಸಿ ನನ್ನನ್ನು ಎದುರಿಗೆ ಕರೆದರು. ಎದೆಗೆ ಅವುಚಿಕೊಂಡು ಹಿಡಿ ಎಂದರು, ಹಿಡಿದೆ. ಈಗ ಕೈ ಮುಂದಕ್ಕೆ ಚಾಚಿ ಹಿಡಿ ಎಂದರು. ಚಾಚಿದೆ, ಕೈ ನಡುಗಿ ಅರ್ಧ ನೀರು ನನ್ನ ಕಾಲ ಮೇಲೇ ಬಿತ್ತು. ಕ್ಲಾಸು ನಕ್ಕಿತು. ಪಾಠ ಮಾಡುವಾಗ ಪುಸ್ತಕದ ಭಾಷೆಯನ್ನೇ ಆಡುತ್ತಿದ್ದವರು, ಇಂಥ ಹೊತ್ತಿನಲ್ಲಿ ಮಾತ್ರ ಸೋಲೂರಿನವರಾಗಿಬಿಡುತ್ತಿದ್ದರು.

“ಬಕೆಟ್ಟೂ ಅದೇ, ನೀರೂ ಅದೇ. ದೂರ ಹೋದಂಗೆ ಭಾರ ಆಯ್ತು. ನಿಮ್ ತಲೆನೂ ಅಷ್ಟೇ ಕಣ್ರಪ್ಪ. ಸುಲೀದೆ ಇರೋ ಮೂರ್ನಾಕು ತೆಂಗಿನಕಾಯಿ ತೂಕ ಐತೆ ಅದು. ನೆಟ್ಟಗಿದ್ರೆ ಬೆನ್ನು ಹೊತ್ಕತದೆ. ನೀವು ಪುಸ್ತಕದ ಮ್ಯಾಲೆ ಬಗ್ಗುಸ್ಕಂಡು ಕೂತ್ರೆ ಕತ್ತು ಹೊತ್ಕಬೇಕು. ಎಷ್ಟೊತ್ತು ಹೊತ್ಕತದೆ?”

ಅಂದಿನಿಂದ ಶುರುವಾಯಿತು. ಅವರ ಕೈಗಡಿಯಾರ ಅರ್ಧ ಗಂಟೆಗೊಮ್ಮೆ ಕೀ ಎನ್ನುತ್ತಿತ್ತು. ಕೀ ಎಂದ ಕೂಡಲೇ, ಬೋರ್ಡಿನ ಮೇಲೆ ಸೂತ್ರ ಅರ್ಧಕ್ಕೆ ನಿಂತಿದ್ದರೂ ಸರಿ, ನಾವು ಏಳಬೇಕು. ಭುಜ ಹಿಂದಕ್ಕೆ ತಿರುಗಿಸಬೇಕು. ಯಾರೋ ಬೆರಳಿನಿಂದ ಒತ್ತಿದ ಹಾಗೆ ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹಿಂದಕ್ಕೆ ಬಾಗಬೇಕು. ಕೊನೆಗೆ ಕಿಟಕಿಯಾಚೆ ಬೆಟ್ಟ ನೋಡಬೇಕು. ನಮ್ಮ ರಾಮನಗರದಲ್ಲಿ ಯಾವ ಕಿಟಕಿ ತೆಗೆದರೂ ಒಂದು ಬಂಡೆ ಬೆಟ್ಟ ಕಾಣುತ್ತದೆ. ಆ ಬೆಟ್ಟವನ್ನು ಪಾಠದ ಭಾಗವಾಗಿ ನೋಡಿದವರು ನಾವಷ್ಟೇ ಇರಬೇಕು. ಒಂದು ನಿಮಿಷ, ಅಷ್ಟೇ. ಮತ್ತೆ ಕೂರುವಾಗ ಪಾದ ಎರಡೂ ನೆಲಕ್ಕೆ ತಾಗಿವೆಯೇ, ಬೆನ್ನು ಬೆಂಚಿನ ಹಿಂದಿನ ಹಲಗೆಗೆ ತಾಗಿದೆಯೇ ಎಂದು ಸಾಲು ಸಾಲಾಗಿ ಬಗ್ಗಿ ನೋಡುತ್ತಿದ್ದರು.

ನೋಡಿದಾಗ ಗೊತ್ತಾಯಿತು, ಡೆಸ್ಕುಗಳು ನಮಗೆ ತೀರ ಗಿಡ್ಡ. ಯಾವುದೋ ಪ್ರೈಮರಿ ಶಾಲೆ ಮುಚ್ಚಿದಾಗ ಅಲ್ಲಿಂದ ತಂದು ಹಾಕಿದ್ದ ಡೆಸ್ಕುಗಳು ಅವು. ಹುಡುಗರು ಮಡಚಿಕೊಂಡು ಕೂರುತ್ತಿದ್ದರು. ಮೇಡಂ ಪ್ರಿನ್ಸಿಪಾಲರಿಗೆ ಹೇಳಿದರು, ಆಗಲಿ ನೋಡೋಣ ಎಂದರು. ಮತ್ತೆ ಹೇಳಿದರು, ಬಜೆಟ್ಟಿಲ್ಲ ಎಂದರು. ಒಂದು ಶನಿವಾರ ಮಧ್ಯಾಹ್ನ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಮಾತಾಡಿ ಇಟ್ಟಿಗೆ ಕೇಳಿ ತಂದು, ಹುಡುಗರ ಕೈಯಲ್ಲಿ ಡೆಸ್ಕುಗಳನ್ನು ಎತ್ತಿಸಿ, ಪ್ರತಿ ಕಾಲಿನ ಕೆಳಗೂ ಒಂದೊಂದು ಇಟ್ಟಿಗೆ ಇರಿಸಿದರು. ಸೋಮವಾರ ಇಡೀ ಕಾಲೇಜು ನಮ್ಮ ಕ್ಲಾಸಿಗೆ ಬಂದು ನೋಡಿಹೋಯಿತು. ಡೆಸ್ಕು ಅಲುಗಾಡುತ್ತದೆ ಎಂದು ಕೆಲವರು ಗೊಣಗಿದರು. ಆದರೆ ಬರೆಯುವಾಗ ಪುಸ್ತಕ ಹತ್ತಿರ ಬಂದಿತ್ತು, ತಲೆ ಬಗ್ಗಿಸುವುದು ಕಮ್ಮಿಯಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಅವರನ್ನು ಪ್ರೀತಿಸುವುದು ಸುಲಭವಿರಲಿಲ್ಲ. ಅವರ ಜೊತೆ ಹತ್ತು ನಿಮಿಷ ಇದ್ದರೆ ನಮಗೂ ಚಡಪಡಿಕೆ ಹತ್ತುತ್ತಿತ್ತು. ಬ್ಯಾಗನ್ನು ಒಂದೇ ಭುಜಕ್ಕೆ ನೇತುಹಾಕಿಕೊಂಡು ಬಂದರೆ ಗೇಟಿನಲ್ಲೇ ನಿಲ್ಲಿಸುತ್ತಿದ್ದರು. ಬ್ಯಾಗು ಬಿಚ್ಚಿ, ಅವತ್ತು ಬೇಡದ ಪುಸ್ತಕ ತೆಗೆದು ಕೈಗೆ ಕೊಟ್ಟು, ಭಾರದ ಪುಸ್ತಕವನ್ನು ಬೆನ್ನಿಗೆ ತಾಗುವ ಹಾಗೆ ಒಳಗಿಟ್ಟು, ಎರಡೂ ಪಟ್ಟಿ ಬಿಗಿ ಮಾಡಿ ಕಳಿಸುತ್ತಿದ್ದರು. ಮನೆಯಿಂದ ನೀರು ಹೊತ್ತು ತರಬೇಡಿ, ಬಾಟಲಿ ಖಾಲಿ ತಂದು ಇಲ್ಲಿ ತುಂಬಿಸಿಕೊಳ್ಳಿ ಎಂದು ಜಗಳವಾಡುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಫೋನಿಗೆ ತಲೆ ಬಗ್ಗಿಸಿ ನಿಂತಿದ್ದ, ಗುರುತೇ ಇಲ್ಲದ ಹುಡುಗನ ಮೊಣಕೈ ಹಿಡಿದು ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿಸಿದ್ದನ್ನು ನಾನೇ ನೋಡಿದ್ದೇನೆ. ಅವನು ಗಾಬರಿಯಾಗಿ ಬೇರೆ ಕಡೆ ಹೋಗಿ ನಿಂತ. ಕೆಲವು ದಿನ ಕಾರಣವಿಲ್ಲದೆ ಸಿಡುಕುತ್ತಿದ್ದರು. ಹೇಗಿದ್ದೀಯ, ಊಟ ಆಯ್ತಾ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ನಮ್ಮ ಮುಖವನ್ನಲ್ಲ, ಕಿವಿ ಭುಜದ ನೇರಕ್ಕಿದೆಯೋ ಇಲ್ಲವೋ ಎಂಬುದನ್ನು.

ಒಂದು ಭಾನುವಾರ ಹೇಳದೆ ಕೇಳದೆ ಕೈಲಾಂಚದ ನಮ್ಮ ಮನೆಗೂ ಬಂದರು. ದಿನಾ ಸಂಜೆ ತಲೆನೋವು ಬರುತ್ತದೆ ಎಂದು ನಾನು ಕ್ಲಾಸಿನಲ್ಲಿ ಹೇಳಿದ್ದೆ, ಅದು ತಲೆಯದ್ದಲ್ಲ, ಕತ್ತಿನದ್ದು, ಎಲ್ಲಿ ಕೂತು ಓದುತ್ತೀಯ ತೋರಿಸು ಎಂದಿದ್ದರು. ಬರುತ್ತಾರೆ ಎಂದುಕೊಂಡಿರಲಿಲ್ಲ. ಬಸ್ಸಿಳಿದು ನಡೆದು ಬಂದವರು, ಅಪ್ಪ ತಂದಿಟ್ಟ ಕುರ್ಚಿಯನ್ನು ಬೇಡವೆಂದು, ನನ್ನ ಕೋಣೆಗೇ ಬಂದರು. ಕೋಣೆಯೆಂದರೆ ಒಂದು ಮಂಚ. ಅದರ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ಮುಂದೆ ಪುಸ್ತಕ ಮತ್ತು ಫೋನು ಇಟ್ಟುಕೊಂಡು ನಾನು ಓದುತ್ತಿದ್ದೆ. ಹಾಗೇ ಮಲಗಿ ತೋರಿಸು ಎಂದರು. ತೋರಿಸಿದೆ. ಕಾಲಿಗೆ ಮುಳ್ಳು ಚುಚ್ಚಿದವರ ಹಾಗೆ ಮುಖ ಮಾಡಿದರು.

ಮೂಲೆಯಲ್ಲಿದ್ದ ಮೇಜಿನ ಮೇಲಿಂದ ಅಕ್ಕಿಮೂಟೆಯನ್ನು ಅಪ್ಪನ ಕೈಯಲ್ಲಿ ಇಳಿಸಿದರು. ಮೇಜಿನ ಮೇಲೆ ಎರಡು ಖಾಲಿ ಎಣ್ಣೆ ಟಿನ್ನು, ಟಿನ್ನಿಗೆ ಒರಗಿಸಿ ಒಂದು ಹಲಗೆ, ಹಲಗೆಯ ಮೇಲೆ ಪುಸ್ತಕ. ಕುರ್ಚಿ ಎತ್ತರವಾಯಿತು, ನನ್ನ ಕಾಲು ನೇತಾಡಿತು. ಕಾಲ ಕೆಳಗೆ ಮಣೆ ಇಟ್ಟರು. ಸೊಂಟದ ಹಿಂದೆ ಮಡಚಿದ ಟವೆಲ್ಲು. ಅಪ್ಪ ಇದನ್ನೆಲ್ಲ ನೋಡುತ್ತ ನಿಂತಿದ್ದರು. ಓದುವವರಿಗೆ ಎಂಥ ನೋವು ಮೇಡಂ, ನೋವು ಬರಬೇಕಾದದ್ದು ಸೊಪ್ಪು ಕುಯ್ಯುವವರಿಗೆ ಎಂದರು ನಗುತ್ತಲೇ. ಮೇಡಂ ಹಿತ್ತಲಿಗೆ ನಡೆದರು. ಅಲ್ಲಿ ಅಮ್ಮ ನೆಲದ ಮೇಲೆ ಕೂತು, ಬೆನ್ನು ಬಿಲ್ಲಾಗಿ, ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಅವಳನ್ನು ಎಬ್ಬಿಸಿ, ಸೊಪ್ಪಿನ ಹಲಗೆಯನ್ನು ಕಟ್ಟೆಯ ಮೇಲಿಟ್ಟು, ನಿಂತು ಕತ್ತರಿಸಿ ನೋಡಿ ಎಂದರು. ಅಮ್ಮ ನಾಚಿಕೊಂಡೇ ಕತ್ತರಿಸಿದಳು. ನಾನು ವಾರದಲ್ಲೇ ಮತ್ತೆ ಮಂಚ ಸೇರಿದೆ, ಮೇಜಿಗೆ ಮರಳಲು ತಿಂಗಳುಗಟ್ಟಲೆ ಬೇಕಾಯಿತು. ಅಮ್ಮ ಮಾತ್ರ ಇವತ್ತಿಗೂ ಸೊಪ್ಪು ಕತ್ತರಿಸುವುದು ಆ ಕಟ್ಟೆಯ ಮೇಲೇ.

ಎರಡನೆಯ ವರ್ಷ ತೊಂದರೆ ಶುರುವಾಯಿತು. ಆ ಸಲ ನಮ್ಮ ಕಾಲೇಜಿನಿಂದಲೂ ಮೆಡಿಕಲ್ ಸೀಟು ಬರಲೇಬೇಕು ಎಂದು ಮ್ಯಾನೇಜ್‌ಮೆಂಟಿನವರು ಪಟ್ಟು ಹಿಡಿದರು. ಬೆಳಿಗ್ಗೆ ಬೇಗ ಬರಬೇಕು, ಕ್ಲಾಸು ಮುಗಿದ ಮೇಲೂ ಕತ್ತಲಾಗುವವರೆಗೆ ಸ್ಟಡಿ ಅವರ್ಸ್. ದೊಡ್ಡ ಹಾಲಿನಲ್ಲಿ ಎಲ್ಲರೂ ಕೂರಬೇಕು, ಏಳುವಂತಿಲ್ಲ, ಮಾತಾಡುವಂತಿಲ್ಲ. ಹಾಲಿನ ಡೆಸ್ಕುಗಳಿಗೆ ಇಟ್ಟಿಗೆ ಇರಲಿಲ್ಲ. ತಿಂಗಳ ಟೆಸ್ಟಿನಲ್ಲಿ ಮುಂದಿದ್ದವರಿಗೆ ಎ ಸೆಕ್ಷನ್, ಹಿಂದೆ ಬಿದ್ದರೆ ಬಿ. ಭವ್ಯ ಎ ಸೆಕ್ಷನ್ನಿನ ಮೊದಲ ಸಾಲಿನವಳು.

ಮೇಡಂ ಆ ಹಾಲಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು, ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಬೋನಿನ ಮುಂದೆ ಓಡಾಡುವವರ ಹಾಗೆ. ಒಂದು ಸಂಜೆ ನೆಟ್ಟಗೆ ವರಾಂಡಕ್ಕೆ ಹೋಗಿ, ಗಂಟೆಯಾಗಿ ತೂಗುಹಾಕಿದ್ದ ಕಬ್ಬಿಣದ ತುಂಡಿಗೆ ಸುತ್ತಿಗೆಯಲ್ಲಿ ಹೊಡೆದೇ ಬಿಟ್ಟರು. ಮನೆಗೆ ಬಿಟ್ಟರೆಂದುಕೊಂಡು ಇಡೀ ಹಾಲೇ ಬ್ಯಾಗು ಹೆಗಲಿಗೇರಿಸಿ ಹೊರಗೆ ಬಂತು. ಮನೆಗಲ್ಲ, ಒಸಿ ಮೈ ಮುರಿದು ಒಳಗೆ ಹೋಗಿ ಎಂದರು. ಅರ್ಧ ಗಂಟೆಗೆ ಮತ್ತೆ ಹೊಡೆದರು. ಮರುದಿನವೂ ಹೊಡೆದರು. ಪ್ರಿನ್ಸಿಪಾಲರು ಸುತ್ತಿಗೆಯನ್ನು ತಮ್ಮ ರೂಮಿನಲ್ಲಿ ಬೀಗ ಹಾಕಿಟ್ಟರು. ಮೇಡಂ ಕಲ್ಲು ತಗೊಂಡು ಹೊಡೆದರು.

ಮನೆಗಳಿಗೆ ಸುದ್ದಿ ಮುಟ್ಟಿತು. ಭವ್ಯಳ ಅಪ್ಪ ಖಾಕಿ ಅಂಗಿಯಲ್ಲೇ ಕಾಲೇಜಿಗೆ ಬಂದರು. ಇನ್ನೂ ಕೆಲವು ತಂದೆತಾಯಂದಿರು ಜೊತೆಗಿದ್ದರು, ಆದರೆ ಮಾತಾಡಿದ್ದು ಅವರೊಬ್ಬರೇ. ವರಾಂಡದಲ್ಲೇ ಮೇಡಂ ಎದುರಾದರು. ಇಡೀ ಹಾಲು ಕಿಟಕಿಗೆ ಬಂದು ನಿಂತಿತ್ತು.

“ನಮ್ಗೂ ಸೊಂಟ ನೋಯ್ತದೆ ಮೇಡಂ. ದಿನಾ ನೋಯ್ತದೆ. ಅಂತ ನಾನೇನು ನಡುದಾರೀಲಿ ಬಸ್ ನಿಲ್ಸಿ ಕುಣೀತೀನಾ? ಇಲ್ದೆ ಇರೋ ನೋವ ಮಕ್ಕಳ ತಲೇಗೆ ತುಂಬ್‌ಬ್ಯಾಡಿ. ಓದೋಕ್ ಕಳ್ಸಿದೀವಿ, ಓದ್ಲಿ ಬುಡಿ.”

ಮೇಡಂ ಅವರ ಅಂಗಿಯ ಕಡೆ ನೋಡಿದರು. ಅಂಗಿಯ ಅಡಿಯಲ್ಲಿ ಸೊಂಟಕ್ಕೆ ಬಿಗಿದಿದ್ದ ಪಟ್ಟಿ ಉಬ್ಬಿ ಕಾಣುತ್ತಿತ್ತು. ಈ ಬೆಲ್ಟು ಯಾವಾಗಿನಿಂದ ಹಾಕುತ್ತಿದ್ದೀರಿ ಎಂದು ಕೇಳಿದರು. ಭವ್ಯಳ ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅದು ನನ್ನ ಹೊಟ್ಟೆಪಾಡು, ನಿಮಗ್ಯಾಕೆ ಎಂದು ತಿರುಗಿ ಹೊರಟುಹೋದರು. ಆ ವಾರವೇ ಮೇಡಂ ಅವರನ್ನು ನಮ್ಮ ಕ್ಲಾಸುಗಳಿಂದ ತೆಗೆದು ಮೊದಲ ವರ್ಷದವರಿಗೆ ಹಾಕಿದರು. ನಮಗೆ ಬೇರೆಯವರು ಬಂದರು. ಕುರ್ಚಿಯಲ್ಲಿ ಕೂತು ಒಳ್ಳೆಯ ಪಾಠ ಮಾಡಿದರು. ವಿಚಿತ್ರವೆಂದರೆ ಅರ್ಧ ಗಂಟೆಯಾದ ಕೂಡಲೇ ನಮಗೇ ಕೂರಲಾಗುತ್ತಿರಲಿಲ್ಲ. ಬೆಂಚಿನುದ್ದಕ್ಕೂ ಕಾಲು ಸರಿದಾಡುವ ಸದ್ದು ಏಳುತ್ತಿತ್ತು.

ಭವ್ಯಳಿಗೆ ನೋವು ಶುರುವಾಗಿದ್ದು ಯಾವಾಗ ಎಂದು ನನಗೂ ಗೊತ್ತಾಗಲಿಲ್ಲ. ಬಲಗೈ ಉಜ್ಜಿಕೊಳ್ಳುತ್ತಿದ್ದಳು, ಕೇಳಿದರೆ ಏನಿಲ್ಲ ಅನ್ನುತ್ತಿದ್ದಳು. ಯಾರಾದರೂ ಪಕ್ಕದಿಂದ ಕರೆದರೆ ಕತ್ತು ತಿರುಗಿಸದೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಬಿ ಸೆಕ್ಷನ್ನಿಗೆ ಹಾಕಿಬಿಡುತ್ತಾರೆ ಎಂಬ ಭಯ ಒಂದು, ಮೇಡಂ ವಿಷಯದಲ್ಲಿ ಅಪ್ಪ ಅಷ್ಟು ರಂಪ ಮಾಡಿದ ಮೇಲೆ ಮನೆಯಲ್ಲಿ ಯಾವ ಬಾಯಲ್ಲಿ ಹೇಳುವುದು ಎಂಬುದು ಇನ್ನೊಂದು. ಪ್ರಿಪರೇಟರಿ ಪರೀಕ್ಷೆಯ ದಿನ ಪೆನ್ನು ಅವಳ ಕೈಯಿಂದ ಜಾರಿಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಬೆರಳು ಗೊತ್ತಾಗ್ತಿಲ್ಲ ಕಣೇ ಎಂದು ನನ್ನ ಕಡೆ ನೋಡಿದಳು.

ನಾನು ಪ್ರಿನ್ಸಿಪಾಲರ ಹತ್ತಿರ ಹೋಗಲಿಲ್ಲ, ಲ್ಯಾಬಿಗೆ ಓಡಿದೆ. ಮೇಡಂ ಬಂದು ಭವ್ಯಳ ಕೈ ಮುಟ್ಟಿ, ಹಿಸುಕಿ, ಬೆರಳು ಒಂದೊಂದಾಗಿ ಮಡಚಿಸಿ ನೋಡಿದರು. ನಮ್ಮಿಬ್ಬರನ್ನೂ ಆಟೋ ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ಕಳಿಸಿ, ತಾವು ಹಿಂದೆ ನಡೆದು ಬಂದರು. ನಾವು ಚೀಟಿ ಮಾಡಿಸಿ ಮುಗಿಯುವುದರೊಳಗೆ ಬಂದೇ ಬಿಟ್ಟಿದ್ದರು, ಬೆವರಿ ಸೀರೆ ಒದ್ದೆಯಾಗಿತ್ತು. ಭವ್ಯಳ ಅಪ್ಪನಿಗೆ ಫೋನು ಮಾಡಿದ್ದೂ ಅವರೇ. ಅಪ್ಪ ಬಸ್ಸನ್ನು ಸ್ಟ್ಯಾಂಡಿನಲ್ಲಿ ಬಿಟ್ಟು ಬಂದರು.

ಡಾಕ್ಟರು ತುಂಬ ಹೊತ್ತು ನೋಡಿದರು. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ಬೇಗ ಬಂದಿದ್ದೀರಿ, ಆಪರೇಷನ್ನಿನ ಮಾತಿಲ್ಲ ಎಂದರು. ಸದ್ಯಕ್ಕೆ ವಿಶ್ರಾಂತಿ, ಆಮೇಲೆ ಹೇಳಿಕೊಟ್ಟ ವ್ಯಾಯಾಮ, ಮತ್ತೆ ಒಂದೇ ಸಮ ಬಗ್ಗಿ ಕೂರುವುದು ಬೇಡವೇ ಬೇಡ. ಹೀಗೇ ಬಿಟ್ಟರೆ ಕೈಯ ಬಲ ಹೋಗಬಹುದು. ಪರೀಕ್ಷೆ ಹತ್ತಿರದಲ್ಲಿದೆ ಎಂದರು ಅಪ್ಪ. ಡಾಕ್ಟರು ಮುಂದಿನ ಚೀಟಿ ಕರೆದರು. ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಅಪ್ಪ ಧೊಪ್ಪೆಂದು ಕೂತರು. ಈ ವರ್ಷ ಪರೀಕ್ಷೆ ಬೇಡ, ಮನೆಗೆ ನಡಿ ಎಂದರು. ಭವ್ಯ ಅಳಲು ಶುರುಮಾಡಿದಳು. ಬೆಂಚಿನ ಎದುರು ಅತ್ತಿಂದಿತ್ತ ನಡೆಯುತ್ತಿದ್ದ ಮೇಡಂ ನಿಂತರು. ಅವರ ಕತೆಯನ್ನು ನಾನು ಕೇಳಿದ್ದು ಆಗ ಮಾತ್ರ. ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

“ಎಮ್ಮೆಸ್ಸಿ ಮಾಡೋವಾಗ ಹಾಸ್ಟೆಲ್ ಮಂಚದ ಮ್ಯಾಲೆ ಬಗ್ಗಿ ಕೂತು ಓದ್ತಿದ್ದೆ. ನೋವು ಬಂತು, ಮಾತ್ರೆ ನುಂಗ್ದೆ. ಕಾಲು ಜುಮ್ಮನ್ನಕ್ ಶುರುವಾಯ್ತು, ಮತ್ತೂ ಮಾತ್ರೆ ನುಂಗ್ದೆ. ರ‍್ಯಾಂಕ್ ಬತ್ತದೆ ಅಂತಿದ್ರು ಎಲ್ರೂ. ಯಾರ್ಗೂ ಹೇಳ್ನಿಲ್ಲ. ಕೊನೇ ಪೇಪರ್ ದಿನ ಕೂರಕ್ಕೇ ಆಗ್ನಿಲ್ಲ, ನಿಂತ್ಕಂಡು ಬರೀತೀನಿ ಸಾರ್ ಅಂತ ಕೇಳ್ದೆ. ಹಂಗೆಲ್ಲ ರೂಲ್ಸಿಲ್ಲ ಕೂತ್ಕಮ್ಮ ಅಂದ್ರು. ಕೂತ್ಕಂಡೆ. ಬರ‍್ದು ಎದ್ದೇಳಕ್ ಹೋದೆ, ಕಾಲೇ ಇರ್ನಿಲ್ಲ.”

ಅಪ್ಪ ತಲೆಯೆತ್ತಿ ನೋಡಿದರು.

“ಆಪರೇಷನ್ ಮಾಡುದ್ರು. ಕಾಲು ವಾಪಸ್ ಬಂತು, ಕೂರೋದು ವಾಪಸ್ ಬರ್ನಿಲ್ಲ. ಕೂತ್ರೆ ಬೆಂಕಿ ಇಟ್ಟಂಗಾಯ್ತದೆ. ನಿಮ್ ಬಸ್ಸಲ್ಲಿ ನಾನು ನಿಂತ್ಕಳದು ಚಟಕ್ಕಲ್ಲ ಡ್ರೈವರೇ. ಈ ಮಗು ಬರೀಲಿ. ನಿಂತ್ಕಂಡು ಬರೀಲಿ, ನಾನು ಮಾಡುಸ್ತೀನಿ.”

ಎರಡು ವರ್ಷ ನಾವು ಅವರ ಓಡಾಟಕ್ಕೆ ಹೆಸರಿಟ್ಟು ನಕ್ಕಿದ್ದೆವು. ಅವರಿಗೆ ಪ್ರತಿ ಗಳಿಗೆಯೂ ನೋಯುತ್ತಿರಬಹುದು ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ಅನುಮತಿ ಸುಲಭವಾಗಿ ಸಿಗಲಿಲ್ಲ. ಡಾಕ್ಟರ ಸರ್ಟಿಫಿಕೇಟಿನ ಜೊತೆ ಕಾಲೇಜಿನ ಪತ್ರ ಬೇಕೆಂದರು ಇಲಾಖೆಯ ಕಚೇರಿಯಲ್ಲಿ. ಇಂಥ ಪತ್ರ ಕೊಟ್ಟರೆ ನಮ್ಮಲ್ಲಿ ಓದಿಯೇ ಹುಡುಗಿಗೆ ಹೀಗಾಯಿತು ಎಂದು ಹೆಸರು ಕೆಡುತ್ತದೆ ಎಂದರು ಪ್ರಿನ್ಸಿಪಾಲರು. ಮೇಡಂ ವಾದ ಮಾಡಲಿಲ್ಲ. ಪ್ರಿನ್ಸಿಪಾಲರ ರೂಮಿನ ಮುಂದೆ ನಡೆಯಲು ಶುರುಮಾಡಿದರು. ತಮ್ಮ ಪಾಠ ಇಲ್ಲದ ಹೊತ್ತಿನಲ್ಲೆಲ್ಲ ಆ ಬಾಗಿಲ ಮುಂದೆ ಅವರ ಕ್ಯಾನ್ವಾಸ್ ಶೂಗಳು ಹೋಗುವುದು, ಬರುವುದು. ಒಳಗೆ ಯಾರಾದರೂ ಬಂದಿದ್ದರೂ ಅಷ್ಟೇ, ಮ್ಯಾನೇಜ್‌ಮೆಂಟಿನವರು ಬಂದಿದ್ದರೂ ಅಷ್ಟೇ. ಕೊನೆಗೆ ಪ್ರಿನ್ಸಿಪಾಲರು ಜವಾನನ ಕೈಯಲ್ಲಿ ಪತ್ರ ಕಳಿಸಿದರು. ಅದೇ ಜವಾನ ಇನ್ನೊಂದು ಮಾತನ್ನೂ ತಂದಿದ್ದ, ಮುಂದಿನ ವರ್ಷಕ್ಕೆ ಅವರು ಬೇರೆ ಕಡೆ ನೋಡಿಕೊಳ್ಳಬೇಕು ಎಂದು. ಮೇಡಂ ಪತ್ರವನ್ನು ಎರಡು ಸಲ ಓದಿ ಮಡಚಿಟ್ಟುಕೊಂಡರು. ಇದನ್ನೆಲ್ಲ ಆ ಜವಾನನೇ ಆಮೇಲೆ ನಮಗೆ ಹೇಳಿದ.

ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಭವ್ಯ ಮನೆಯಲ್ಲೇ ಓದಿದಳು, ಸ್ವಲ್ಪ ಹೊತ್ತು ನಿಂತು, ಸ್ವಲ್ಪ ಹೊತ್ತು ಕೂತು, ಸ್ವಲ್ಪ ಹೊತ್ತು ಮಲಗಿ. ಮೇಡಂ ವಾರಕ್ಕೊಮ್ಮೆ ಹೋಗಿ ಕತ್ತು ಎಷ್ಟು ತಿರುಗುತ್ತದೆ ಎಂದು ನೋಡಿ ಬರುತ್ತಿದ್ದರು. ಬೆರಳಿಗೆ ಸ್ಪರ್ಶ ನಿಧಾನಕ್ಕೆ ಮರಳಿತು.

ಆ ವರ್ಷ ನಮ್ಮ ಕಾಲೇಜಿನಿಂದ ಯಾರಿಗೂ ಮೆಡಿಕಲ್ ಸೀಟು ಬರಲಿಲ್ಲ. ಭವ್ಯಳಿಗೂ ಇಲ್ಲ. ಅವಳು ಬಿಎಸ್ಸಿ ಮಾಡಿ, ಬಿಎಡ್ ಮಾಡಿ ಈಗ ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಕೈ ಚೆನ್ನಾಗಿದೆ, ಜಾಸ್ತಿ ತಿದ್ದುವ ಕೆಲಸ ಬಂದಾಗ ಕತ್ತು ಎಚ್ಚರಿಕೆ ಕೊಡುತ್ತದಂತೆ. ನಾನು ಮಾಗಡಿಯಲ್ಲಿ ಕೋರ್ಟಿನಲ್ಲಿ ಬೆರಳಚ್ಚು ಮಾಡುತ್ತೇನೆ. ಇಡೀ ದಿನ ಕೂರುವ ಕೆಲಸ. ನಡುನಡುವೆ ಎದ್ದು ಕಿಟಕಿಗೆ ಹೋಗಿ ಬರುವ ನನ್ನನ್ನು ಜೊತೆಯವರು ಒಂಥರಾ ನೋಡುತ್ತಾರೆ. ಮೇಡಂ ಕನಕಪುರದ ಒಂದು ಕಾಲೇಜಿಗೆ ಹೋದರು, ಅಲ್ಲಿಯೂ ಬಹಳ ಕಾಲ ಇರಲಿಲ್ಲ. ಆಮೇಲೆ ಮಾಗಡಿಯ ಮನೆಯಲ್ಲೇ ಟ್ಯೂಷನ್ ಹೇಳಿದರು. ಬೀದಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಿದ್ದರು, ಆದರೆ ಅವರ ಕಣ್ಣು ನನ್ನ ಭುಜದ ಮೇಲೇ ಇರುತ್ತಿತ್ತು. ನೋವು ಹೇಗಿದೆ ಎಂದು ಕೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಹೊರಟುಬಿಟ್ಟಿರುತ್ತಿದ್ದರು.

ಸೋಲೂರಿನಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಭವ್ಯ ಫಿಸಿಕ್ಸ್ ಪರೀಕ್ಷೆಯ ದಿನದ ಮಾತೆತ್ತಿದಳು. ಒಳಗಿದ್ದವಳು ಅವಳು, ಹೊರಗೆ ನಡೆದದ್ದನ್ನು ನೋಡಿದವಳು ನಾನು. ಅದನ್ನು ಅವಳಿಗೆ ಎಷ್ಟು ಸಲ ಹೇಳಿದ್ದೇನೋ, ಅವತ್ತು ಮತ್ತೆ ಹೇಳು ಎಂದಳು.

ಪರೀಕ್ಷಾ ಕೇಂದ್ರದಲ್ಲಿ ಅವಳಿಗೆ ಹಿಂದಿನ ಮೂಲೆಯಲ್ಲಿ ಮೇಜಿನ ಮೇಲೆ ಮೇಜಿಟ್ಟು ಕೊಟ್ಟಿದ್ದರು. ಬೇಕಾದಾಗ ನಿಂತು ಬರೆಯಬಹುದು, ಸಮಯವೂ ಸ್ವಲ್ಪ ಹೆಚ್ಚು. ಹಾಗಾಗಿ ನಾನು ಮುಗಿಸಿ ಬಂದ ಮೇಲೂ ಅವಳು ಒಳಗೇ ಇದ್ದಳು. ಬಿಸಿಲು ಸುಡುತ್ತಿತ್ತು. ಬೇರೆ ಮಕ್ಕಳ ತಂದೆತಾಯಂದಿರು ಹೊಂಗೆ ಮರದ ನೆರಳಿನಲ್ಲಿ ಕೂತಿದ್ದರು, ಒಬ್ಬೊಬ್ಬರಾಗಿ ತಮ್ಮ ಮಕ್ಕಳ ಜೊತೆ ಹೊರಟರು. ಮೇಡಂ ಮಾತ್ರ ರಸ್ತೆಯ ಮೇಲೆ, ಗೇಟಿನಿಂದ ಟೀ ಅಂಗಡಿಯವರೆಗೆ ಹೋಗುವುದು, ತಿರುಗಿ ಬರುವುದು. ಅವತ್ತು ಅವರ ನಡಿಗೆ ಎಂದಿಗಿಂತ ಜೋರಾಗಿತ್ತು. ಭವ್ಯಳ ಅಪ್ಪ ಬಸ್ಸಿಗೆ ರಜೆ ಹಾಕಿ ಬಂದಿದ್ದರು. ಮೊದಲು ಟೀ ಅಂಗಡಿಯಿಂದ ಒಂದು ಸ್ಟೂಲು ತಂದು ನೆರಳಿನಲ್ಲಿ ಇಟ್ಟರು. ಮೇಡಂ ಅದನ್ನು ದಾಟಿ ಹೋದಾಗ ಅವರಿಗೆ ನೆನಪಾಯಿತೆಂದು ಕಾಣುತ್ತದೆ, ಸ್ಟೂಲನ್ನು ಎತ್ತಿಕೊಂಡು ಹೋಗಿ ವಾಪಸ್ ಕೊಟ್ಟರು. ಸ್ವಲ್ಪ ಹೊತ್ತು ಕೈಕಟ್ಟಿ ನಿಂತಿದ್ದರು. ಆಮೇಲೆ ರಸ್ತೆಗಿಳಿದು ಮೇಡಂ ಪಕ್ಕದಲ್ಲಿ ತಾವೂ ನಡೆಯತೊಡಗಿದರು.

ಇಬ್ಬರೂ ಹೋಗುತ್ತಿದ್ದರು, ಬರುತ್ತಿದ್ದರು. ಅಪ್ಪ ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡಿದ್ದರು. ನಾನು ನಿಂತಿದ್ದ ಕಡೆ ಅವರು ಹಾದು ಹೋಗುವಾಗ ಒಂದು ಸಲ ಅಪ್ಪನ ದನಿ ಕೇಳಿಸಿತು.

“ನಡುದ್ರೆ ಸೊಂಟ ಒಸಿ ಹಗುರ ಆಯ್ತದೆ ಮೇಡಂ.”

“ಮಾತಾಡ್ಬ್ಯಾಡಿ,” ಎಂದರು ಮೇಡಂ. “ನಡೀರಿ.”

ಭವ್ಯ ಗೇಟಿನಿಂದ ಹೊರಬಂದು, ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಅವರನ್ನು ಹುಡುಕುವ ಹೊತ್ತಿಗೆ ಇಬ್ಬರೂ ಟೀ ಅಂಗಡಿಯನ್ನೂ ದಾಟಿ, ರಸ್ತೆಯ ಆ ತುದಿಯಲ್ಲಿದ್ದರು.